ಹಿಡಿಕೆಯೂ ಬಟನ್ನೂ ಇದ್ದ ಗೋಡೆ

ಕೆಲಸದಿಂದ ನಿವೃತ್ತನಾಗಿ ಕೆಲವು ವರ್ಷಗಳಾದ ಮೇಲೆ ಕಲಬುರಗಿಯಲ್ಲಿ ಹೊಸ ಸುರಕ್ಷಾ ಮೇಲ್ವಿಚಾರಕರಿಗೆಂದು ನಡೆದ ತರಬೇತಿಗೆ ನನ್ನನ್ನೂ ಕರೆದಿದ್ದರು. ಮಾತಾಡಿಸುವುದಕ್ಕಲ್ಲ, ಹಳಬನೆಂದು ಶಾಲು ಹೊದಿಸುವುದಕ್ಕೆ. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಪಾಠ ಮಾಡುತ್ತಿದ್ದ ತರುಣ ಒಂದು ಉದಾಹರಣೆ ಕೊಟ್ಟ. ಹಿಂದೆ ಜೇವರ್ಗಿಯ ಬೇಳೆ ಗಿರಣಿಯಲ್ಲಿ, ಯಂತ್ರದ ಸದ್ದಿಗೆ ಕಿವಿ ಮಂದವಾಗಿದ್ದ ಕೆಲಸಗಾರನೊಬ್ಬ ಜೊತೆಗಾರನ ಮಾತನ್ನು ತಪ್ಪಾಗಿ ಕೇಳಿಸಿಕೊಂಡು ಮೋಟರು ಚಾಲೂ ಮಾಡಿದನಂತೆ, ಜೊತೆಗಾರನ ಕೈ ಹೋಯಿತಂತೆ. ಆದ್ದರಿಂದ ಕೆಲಸಗಾರರ ಕಿವಿಯನ್ನು ಆಗಾಗ ಪರೀಕ್ಷಿಸಬೇಕು ಎಂಬುದು ಅವನ ತೀರ್ಮಾನ.

ನಾನು ಎದ್ದು ನಿಂತೆ.

"ತಮ್ಮಾ, ಅಂವ ಕಿವುಡ ಇದ್ದಿಲ್ಲ."

"ನೀವು ಅಲ್ಲಿದ್ರೇನ್ರಿ, ಸರ್?"

"ಗಿರಣಿ ಅಂಗಳದಾಗ ಇದ್ದೆ. ಅಂವ ಸರೀ ಕೇಳಿಸ್ಕೊಂಡಾನ. ಸರೀ ಕೇಳಿಸ್ಕೊಂಡದ್ದಕ್ಕ ಕೈ ಹೋತು."

ಸಭೆ ನಕ್ಕಿತು. ಆ ತರುಣ ಒಳ್ಳೆಯವನು. "ನಮಗ ಹೀಂಗ ಹೇಳಿಕೊಟ್ಟಾರ್ರಿ. ನಿಮಗ ಗೊತ್ತಿದ್ದದ್ದು ನೀವ ಬರದು ಕೊಡ್ರಿ" ಎಂದ. ಆ ಮಾತಿಗೆ ಕಟ್ಟುಬಿದ್ದು ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಓದಲಿ, ಓದಿ ನನ್ನನ್ನೂ ಸಂಶಯದಿಂದ ನೋಡಲಿ. ಅಪಘಾತದ ಬಗ್ಗೆ ಮೊದಲು ಕಿವಿಗೆ ಬೀಳುವ ಕಥೆ ಯಾರಿಗಾದರೂ ಅನುಕೂಲವಾಗಿರುವುದರಿಂದಲೇ ಮೊದಲು ಬೀಳುತ್ತದೆ ಎಂಬುದನ್ನು ನಾನು ಯಾವ ತರಗತಿಯಲ್ಲಿಯೂ ಕಲಿಯಲಿಲ್ಲ.

ತರಗತಿಗಳು ನನಗೆ ಹೆಚ್ಚು ಸಿಗಲೂ ಇಲ್ಲ. ಆಳಂದದಲ್ಲಿ ಏಳನೆಯ ಇಯತ್ತೆ ಮುಗಿಸಿ, ಎಪ್ಪತ್ತರ ದಶಕದ ಆರಂಭದಲ್ಲಿ ಅಲ್ಲಿಯ ಬೇಳೆ ಗಿರಣಿಗೆ ಫಿಟ್ಟರ್‌ನ ಸಹಾಯಕನಾಗಿ ಸೇರಿದೆ. ಇಂಗ್ಲಿಷನ್ನು ಕಲಿತದ್ದು ಕಾರ್ಖಾನೆ ಕಾಯಿದೆಯ ಹಳೆಯ ಪ್ರತಿಯೊಂದರಿಂದ. ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು ಓದುತ್ತಿದ್ದೆ. ಹೀಗಾಗಿ 'ಬೇಲಿ', 'ಬೆಲ್ಟು', 'ಅಪಾಯಕಾರಿ' ಎಂಬವುಗಳ ಇಂಗ್ಲಿಷ್ ಪದಗಳು ನನಗೆ 'ಬೆಕ್ಕು', 'ನಾಯಿ'ಗಳಿಗಿಂತ ಮೊದಲು ಬಂದವು. ನಮ್ಮ ಸಾವಕಾರರಿಗೆ ಮುಂದೆ ಅಫಜಲಪುರದಲ್ಲೊಂದು, ಜೇವರ್ಗಿಯಲ್ಲೊಂದು, ಒಟ್ಟು ಮೂರು ಗಿರಣಿಗಳಾದವು. ದೂರದ ಊರೊಂದರಲ್ಲಿ ವಿಷಾನಿಲ ಸೋರಿ ಜನ ಸತ್ತ ಸುದ್ದಿ ದೇಶವನ್ನೆಲ್ಲ ನಡುಗಿಸಿದ ಮೇಲೆ, ಕಾರ್ಖಾನೆಗಳನ್ನು ತಪಾಸಣೆ ಮಾಡುವ ಅಧಿಕಾರಿಗಳು ಸಣ್ಣ ಗಿರಣಿಗಳಲ್ಲೂ "ಸುರಕ್ಷತೆಗೆ ಯಾರಿದ್ದಾರೆ?" ಎಂದು ಕೇಳತೊಡಗಿದರು. ಸಾವಕಾರರು ಸುತ್ತ ನೋಡಿದರು. ಕಾಯಿದೆಯ ಪುಸ್ತಕ ಓದುವ ಹುಚ್ಚ ಒಬ್ಬನೇ ಇದ್ದ.

"ಬಸಣ್ಣ, ಇವತ್ತಿನಿಂದ ನೀನ ಸೇಫ್ಟಿ" ಎಂದರು.

"ಅಂದ್ರ ಏನ್ ಮಾಡ್ಬೇಕ್ರಿ?"

"ಅವ್ರು ಬಂದಾಗ ಎದ್ದು ನಿಂದ್ರು."

ನಾನು ಉಳಿದ ದಿನಗಳಲ್ಲಿಯೂ ಎದ್ದು ನಿಲ್ಲತೊಡಗಿದೆ. ಅದು ಅವರ ಲೆಕ್ಕದಲ್ಲಿರಲಿಲ್ಲ. ಮೂರೂ ಊರುಗಳ ನಡುವೆ ಬಸ್ಸಿನಲ್ಲಿ ತಿರುಗುವುದು, ಬೆಲ್ಟಿಗೆ ಜಾಳಿಗೆ ಹಾಕಿಸುವುದು, ಸಡಿಲ ಏಣಿ ಕಟ್ಟಿಸುವುದು, ಕಂಡಕಂಡಲ್ಲಿ "ಜ್ವಾಕಿ, ಜ್ವಾಕಿ" ಎನ್ನುವುದು. ಕೆಲಸಗಾರರು ನನಗೆ 'ಜ್ವಾಕಿ ಮಾಸ್ತರ' ಎಂದು ಹೆಸರಿಟ್ಟರು. ಎದುರಿಗೆ ಮಾಸ್ತರ, ಬೆನ್ನ ಹಿಂದೆ ಜ್ವಾಕಿ.

ಎಳೆಯರಿಗೆ ಉಪಯೋಗವಾದೀತೆಂದು ಮೊದಲು ಬೆಲ್ಲದ ಪ್ರಸಂಗ ಹೇಳುತ್ತೇನೆ. ಆಳಂದದ ಗಿರಣಿಯಲ್ಲಿ ತೊಗರಿ ಒಡೆಯುವ ಕಡೆ ಹೊಟ್ಟಿನ ಧೂಳು ಹೊಗೆಯಂತೆ ತುಂಬಿರುತ್ತಿತ್ತು. ಧೂಳು ಕುಡಿದವರಿಗೆ ಬೆಲ್ಲ ತಿನ್ನಿಸಿದರೆ ಎದೆ ಸ್ವಚ್ಛವಾಗುತ್ತದೆಂದು ಸಾವಕಾರರಿಂದ ಹಮಾಲರವರೆಗೆ ಎಲ್ಲರೂ ನಂಬಿದ್ದರು. ಸಂಜೆ ಕೆಲಸ ಬಿಡುವಾಗ ಪ್ರತಿಯೊಬ್ಬರಿಗೂ ಒಂದು ಹೆಂಟೆ ಬೆಲ್ಲ. ನಾನು ಕುರಿ ಕೊಯ್ಯುವವರ ಅಂಗಡಿಗೆ ಹೋಗಿ, ಅನ್ನದ ಕೊಳವೆ ಬೇರೆ, ಉಸಿರಿನ ಕೊಳವೆ ಬೇರೆ ಎಂಬುದನ್ನು ಕಣ್ಣಾರೆ ನೋಡಿಬಂದೆ. ಬಂದು ಮ್ಯಾನೇಜರ್ ಸಾಹೇಬರಿಗೆ ವಿವರಿಸಿದೆ: ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಪುಪ್ಪಸಕ್ಕೆ ಹೋಗುತ್ತದೆ, ಇವೆರಡೂ ದಾರಿಯಲ್ಲಿ ಎಲ್ಲಿಯೂ ಭೇಟಿಯಾಗುವುದಿಲ್ಲ, ಆದ್ದರಿಂದ ಧೂಳನ್ನು ಹೊರಗೆಳೆಯುವ ಫ್ಯಾನು ಬೇಕು. ಅವರು ಶ್ರದ್ಧೆಯಿಂದ ಕೇಳಿದರು. ಮರುವಾರ ಬೆಲ್ಲ ನಿಂತಿತು. ಫ್ಯಾನು ಬರಲಿಲ್ಲ.

ತೊಗರಿಯಲ್ಲಿ ಬೆರೆತ ಅಕ್ಕಡಿ ಕಾಳು ಆರಿಸಿ ಹಸನು ಮಾಡುತ್ತಿದ್ದ ಹಿರಿಯ ಹೆಂಗಸು ಗಂಗಮ್ಮ ನನ್ನನ್ನು ಬಾಗಿಲಲ್ಲೇ ತಡೆದಳು. "ಏನೋ ಮಾಸ್ತರ, ನಿನ್ ಶಾಣ್ಯಾತನ ನಮ್ ಬಾಯಾಗಿನ ಬೆಲ್ಲ ಕಸಗೊಂತಲ್ಲೋ. ಕೊಳವಿ ನೋಡಾಕ ಹೋಗಿದ್ದಿ, ಹಂಗ ಬರಾಗ ಒಂದ್ ಫ್ಯಾನ್ ತರಬಾರದಾ?"

ಫ್ಯಾನು ಬರಲು ಎರಡು ಸುಗ್ಗಿ ಹಿಡಿಯಿತು. ಬೆಲ್ಲವನ್ನು ಮತ್ತೆ ಶುರುಮಾಡಿಸಲು ನಾನು ಅದಕ್ಕಿಂತ ಹೆಚ್ಚು ಜಗಳಾಡಬೇಕಾಯಿತು. ಒಂದು ನಂಬಿಕೆ ಸುಳ್ಳೆಂದು ತೋರಿಸುವ ಮೊದಲು ಅದರ ಜಾಗದಲ್ಲಿ ಏನು ಬರಬೇಕೋ ಅದನ್ನು ಕೈಯಲ್ಲಿ ಹಿಡಿದುಕೊಂಡಿರಬೇಕು. ಇದೂ ಪುಸ್ತಕದಲ್ಲಿಲ್ಲ.

ಈಗ ಜೇವರ್ಗಿಗೆ ಬರುತ್ತೇನೆ.

ಅಲ್ಲಿಯ ಗಿರಣಿ ಮೂರರಲ್ಲಿ ಹೊಸದು. ತೊಗರಿಯನ್ನು ಮೇಲಿನ ಕಣಜದಿಂದ ಒಂದು ಕೊಳವೆಯ ಮೂಲಕ ನೆಲದ ಕುಣಿಗೆ ಇಳಿಸುತ್ತಿದ್ದರು. ಕುಣಿಯಿಂದ ಕಬ್ಬಿಣದ ಬುಟ್ಟಿಗಳಿದ್ದ ಪಟ್ಟಾ ಅದನ್ನು ಎತ್ತಿಕೊಂಡು ಮಾಳಿಗೆಗೆ ಒಯ್ಯುತ್ತಿತ್ತು. ಕೊಳವೆಯ ಬಾಯಿ ಮುಚ್ಚಲು ಒಂದು ಜಾರು ತಗಡು, ಕೆಲಸಗಾರರ ಮಾತಿನಲ್ಲಿ ಪತ್ರಾ. ಪತ್ರಾವನ್ನು ಎಳೆಯುವ ಹಿಡಿಕೆ ಕುಣಿಯ ಮೇಲಿನ ಗೋಡೆಯಲ್ಲಿತ್ತು. ಬುಟ್ಟಿಪಟ್ಟಾದ ಮೋಟರಿನ ಹಸಿರು, ಕೆಂಪು ಬಟನ್ನುಗಳೂ ಅದೇ ಗೋಡೆಯಲ್ಲಿ, ಹಿಡಿಕೆಯ ಪಕ್ಕದಲ್ಲೇ ಇದ್ದವು. ಒಬ್ಬನೇ ಮನುಷ್ಯ ನಿಂತಲ್ಲಿಂದಲೇ ಎರಡನ್ನೂ ನೋಡಿಕೊಳ್ಳಬಹುದೆಂದು ಎಲ್ಲರೂ ಆ ಏರ್ಪಾಡನ್ನು ಹೊಗಳಿದ್ದರು. ಆಳಂದದ ಹಳೆಯ ಗಿರಣಿಯಲ್ಲಿ ಹೀಗಿರಲಿಲ್ಲ. ಅಲ್ಲಿ ಮೋಟರಿನ ಕೋಣೆಯೇ ಬೇರೆ.

ಆ ಗೋಡೆಯ ಹತ್ತಿರ ನಿಲ್ಲುತ್ತಿದ್ದವನು ಮಹಬೂಬ. ಜೇವರ್ಗಿಯವನೇ, ಮೊದಲು ಅಲ್ಲಿಯ ಹಿಟ್ಟಿನ ಗಿರಣಿಯಲ್ಲಿ ಮೋಟರು ನಡೆಸುತ್ತಿದ್ದವನು. ಕುಣಿಯ ಕೆಲಸ ಶರಣಪ್ಪನದು. ನಿಂಬರ್ಗಾದವನು, ಆಳಂದ ಗಿರಣಿಯ ಹಳೆಯ ಹಮಾಲ. ಹೊಸಬರಿಗೆ ಕೆಲಸ ತೋರಿಸಲೆಂದು ಸಾವಕಾರರು ಅವನನ್ನು ಜೇವರ್ಗಿಗೆ ಕಳಿಸಿದ್ದರು. ಇಬ್ಬರಿಗೂ ಒಳ್ಳೆಯ ಗೆಳೆತನ. ಆ ಗೆಳೆತನವೆಲ್ಲ ಬೈಗುಳದ ರೂಪದಲ್ಲಿಯೇ ಇರುತ್ತಿತ್ತು. ಎಂದೂ ಚೀಲ ಎತ್ತದ ಮಹಬೂಬನಿಗೆ ಶರಣಪ್ಪ ಇಟ್ಟ ಹೆಸರು 'ಬಟನ್ ನವಾಬ'.

ಗಿರಣಿ ಶುರುವಾದ ದಿನಗಳಲ್ಲೇ ನಾನು ಒಂದು ಸಲಹೆ ಮಾಡಿದ್ದೆ. ಕುಣಿಯಲ್ಲಿ ಕಸ ಸಿಕ್ಕಿ ಪಟ್ಟಾ ನಿಂತಾಗ ಶರಣಪ್ಪ ಒಳಗಿಳಿದು ಕೈಯಿಂದ ತೆಗೆಯಬೇಕಾಗುತ್ತಿತ್ತು. ಆಗ ಮೋಟರಿನ ಪಿಂಗಾಣಿ ಫ್ಯೂಜು ಕಿತ್ತು ಅವನ ಕಿಸೆಯಲ್ಲಿಡೋಣ ಎಂದೆ. ಎಲ್ಲರಿಗಿಂತ ಮೊದಲು ನೊಂದವನು ಮಹಬೂಬ.

"ಮಾಸ್ತರ, ನನ್ ಮ್ಯಾಲ ಭರೋಸಾ ಇಲ್ಲೇನ್ರಿ? ಅಂವ ಒಳಗಿರ್ತ ನಾ ಬಟನ್ ಒತ್ತೇನಿ ಅಂತೀರೇನು?"

ಶರಣಪ್ಪನೂ ಅವನ ಪರವೇ. "ಬಿಡ್ರಿ ಮಾಸ್ತರ. ನಮ್ ನವಾಬ ಸಾಯಂಕಾಲ ಚಹಾ ಕಪ್ ಎತ್ತಾಕ ಸೈತ ಮಂದೀನ ಹುಡುಕ್ತಾನ. ಬಟನ್ ಒತ್ತಾಕ ಅಂವಗ ಎಲ್ಲಿ ಶಕ್ತಿ?"

ಸಾವಕಾರರು ನಕ್ಕು, "ಇದು ಭರೋಸಾದ ಮ್ಯಾಲ ನಡಿಯೋ ಗಿರಣಿ, ಬಸಣ್ಣ" ಎಂದರು. ನನ್ನ ಮಾತು ಅಲ್ಲಿಗೆ ಬಿತ್ತು. ನಮ್ಮ ಸೀಮೆಯಲ್ಲಿ ಕೀಲಿ, ಬೇಲಿ, ತಡೆಗಳೆಲ್ಲ ಕಳ್ಳನಿಗೆ ಮಾಡುವ ಏರ್ಪಾಡು. ಗೆಳೆಯನೆದುರು ಅವನ್ನು ತಂದರೆ ಅವಮಾನ. ಈ ಕೆಲಸಕ್ಕೆ ಬರುವವರು ಯಂತ್ರಕ್ಕಿಂತ ಮೊದಲು ಎದುರಿಸಬೇಕಾದ ತೊಡಕು ಇದೇ.

ಸುಗ್ಗಿ ಜೋರಾಗಿದ್ದ ಒಂದು ಮಧ್ಯಾಹ್ನ. ನಾನು ಅಂಗಳದಲ್ಲಿ ತೊಗರಿ ಒಣಹಾಕಿದ ಕಡೆ ಇದ್ದೆ. ಒಳಗಿನಿಂದ ಬಂದ ಕೂಗಿಗೆ ಓಡಿದೆ. ನಾನು ಹೋಗುವಷ್ಟರಲ್ಲಿ ಮಹಬೂಬ ಕೆಂಪು ಬಟನ್ ಒತ್ತಿ ಕುಣಿಗೆ ಜಿಗಿದಿದ್ದ. ತನ್ನ ಹೆಗಲ ವಸ್ತ್ರದಿಂದ ಶರಣಪ್ಪನ ಬಲ ಮೊಣಕೈಯ ಕೆಳಗೆ ಬಿಗಿದು ಕಟ್ಟುತ್ತಿದ್ದ. ಟ್ರಕ್ಕೊಂದರಲ್ಲಿ ಮಲಗಿಸಿ ಆಗಿನ ಗುಲಬರ್ಗಾದ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು. ಬಲಗೈಯ ಅಂಗೈ ಉಳಿಯಲಿಲ್ಲ.

ನಾವು ಮರಳಿ ಬರುವಷ್ಟರಲ್ಲಿ ಊರಲ್ಲಿ ಎರಡು ಕಥೆಗಳು ತಯಾರಾಗಿದ್ದವು.

ಹಿಂದಿನ ದಿನ ಚಹಾದಂಗಡಿಯಲ್ಲಿ ಅವರಿಬ್ಬರ ನಡುವೆ ಮಾತು ಬೆಳೆದಿತ್ತು. ಶರಣಪ್ಪ ಎಲ್ಲರೆದುರು "ಬಟನ್ ನವಾಬ್ರು ಬಂದ್ರು, ಗಾದಿ ಹಾಸ್ರಿ" ಎಂದಿದ್ದ. ಎಂದಿನಂತೆ ನಗಬೇಕಾಗಿದ್ದ ಮಹಬೂಬ ಅಂದು ಸಿಡುಕಿ, "ಬಟನ್ ಒತ್ತಾವ ಇರ್ಲಿಕ್ಕಂದ್ರ ನಿನ್ ಚೀಲ ಬೇಳಿ ಆಗಂಗಿಲ್ಲಲೇ, ನೆನಪಿಡು" ಎಂದು ಎದ್ದುಹೋಗಿದ್ದ. ಆ ಕೊನೆಯ 'ನೆನಪಿಡು' ಎಂಬುದು ಈಗ ಊರಿಗೆಲ್ಲ ನೆನಪಾಗಿತ್ತು. ಸಿಟ್ಟಿನಿಂದಲೇ ಒತ್ತಿದ್ದಾನೆ ಎಂಬುದು ಸಂತೆಯ ಕಥೆ. ಒಬ್ಬ ಶರಣಪ್ಪ, ಒಬ್ಬ ಮಹಬೂಬ ಎಂಬುದೂ ಆ ಕಥೆಗೆ ಕಾಲು ಕೊಟ್ಟಿತ್ತು. ಹೆಸರನ್ನು ಸ್ವಲ್ಪ ಒತ್ತಿ ಹೇಳಿದರೆ ಸಾಕು, ಉಳಿದದ್ದನ್ನು ಕೇಳುವವರೇ ತುಂಬಿಕೊಳ್ಳುತ್ತಿದ್ದರು.

ಆಫೀಸಿನ ಕಥೆ ಬೇರೆ. ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು, "ಶರಣಪ್ಪ ತಾನ ಹಾಕು ಅಂತ ಹೇಳಿದ್ನಂತಲ್ಲ? ತಾನ ಹೇಳಿ ತಾನ ಕೈ ಕೊಟ್ಟಾನ. ಹಂಗ ಬರೀರಿ" ಎಂದರು.

"ಕುಣ್ಯಾಗ ಕೈ ಇಟಗೊಂಡು ಮೋಟರ್ ಹಾಕು ಅಂತಾನ್ರಿ ಯಾರಾದ್ರೂ?"

"ಅವರ್ಗಿ ಖಬರ್ ಎಲ್ಲಿರ್ತದ? ಯಾರ ತಪ್ಪು ಅಂತ ಒಂದ್ ಹೆಸರು ಬೇಕು, ಬಸಣ್ಣ. ಎರಡರಾಗ ಒಂದು."

ಎರಡರಲ್ಲಿ ಒಂದು ಹೆಸರು. ಮಹಬೂಬನದಾದರೆ ಅವನು ಜೈಲಿಗೆ. ಹವಾಲ್ದಾರರು ಆಗಲೇ ಬಂದು ಅವನನ್ನು ಊರು ಬಿಡದಂತೆ ಹೇಳಿ, ಶರಣಪ್ಪ ಆಸ್ಪತ್ರೆಯಿಂದ ಬಂದು ಏನು ಹೇಳುತ್ತಾನೋ ಅದರ ಮೇಲೆ ಮುಂದಿನದು ಎಂದು ಹೋಗಿದ್ದರು. ಶರಣಪ್ಪನದಾದರೆ ಕೈ ಕಳೆದುಕೊಂಡವನೇ ಅಪರಾಧಿ.

ನಾನು ಮೊದಲು ಮಹಬೂಬನ ಮನೆಗೆ ಹೋದೆ. ಅವನು ಗೋಡೆಗೊರಗಿ ಕುಳಿತಿದ್ದ. ಅವನ ತಾಯಿ ನನ್ನನ್ನು ನೋಡಿ ಒಳಗೆ ಹೋದಳು.

"ಏನಾತು ಹೇಳಪ್ಪಾ."

"ಖುದಾ ಕಸಂ ಮಾಸ್ತರ, ಅಂವ ಹಾಕ್ ಅಂದ. ಹಾಕ್ಲೇ ಹಾಕ್ಲೇ ಅಂತ ಎರಡು ಸರ್ತಿ ಒದರ್‍ದ. ಕಸ ತೆಗದಾನ, ಮ್ಯಾಲ ಬಂದಾನ ಅಂತ ತಿಳದೆ. ಹಾಕಿದೆ."

"ನೋಡಿದ್ದಿಲ್ಲೇನು?"

"ಹೊಟ್ಟಿನ ಧೂಳಾಗ ಏನ್ ಕಾಣ್ತದ್ರಿ? ಅಂವನ ದನಿ ಸಾಕಾಗಿತ್ತು ನನಗ."

ಮರುದಿನ ಆಸ್ಪತ್ರೆಗೆ ಹೋದೆ. ಶರಣಪ್ಪ ಮುಖ ಗೋಡೆಯ ಕಡೆ ಮಾಡಿ ಮಲಗಿದ್ದ. ಕುಣಿಯಲ್ಲಿ ಬಗ್ಗಿ ಪಟ್ಟಾದ ಬುಡದಲ್ಲಿ ಸಿಕ್ಕ ಗೋಣಿ ಚಿಂದಿಯನ್ನು ಎಳೆಯುತ್ತಿದ್ದಾಗ, ಪತ್ರಾ ಸಡಿಲಿ ಮೇಲಿನಿಂದ ತೊಗರಿ ಸುರಿಯತೊಡಗಿತೆಂದೂ, ಮೊಣಕಾಲು ದಾಟಿ ಏರುತ್ತಿತ್ತೆಂದೂ ಹೇಳಿದ.

"ಆವಾಗ ಏನಂತ ಒದರ್‍ದಿ?"

"ಹಾಕ್ ಅಂತ ಒದರ್‍ದೆನ್ರಿ. ಹಾಕ್ಲೇ ಹಾಕ್ಲೇ ಅಂತ. ಮತ್ತೇನಂತಾರ್ರಿ?" ಅವನು ನನ್ನ ಕಡೆ ತಿರುಗಿದ. "ಎಲ್ಲಾ ಕೇಳ್ಯಾನ್ರಿ ಅಂವ. ಕೇಳೇ ಒತ್ಯಾನ. ಚಹಾದಂಗಡ್ಯಾಗ ಅಂದದ್ದು ಮನಸಿನಾಗ ಇಟಗೊಂಡಾನ. ಇಲ್ಲಿಂದ ಹೋದಮ್ಯಾಲ ಹವಾಲ್ದಾರ್ರಿಗೆ ಹಂಗ ಹೇಳ್ತೇನಿ."

ನಾನು ಬಸ್ಸಿನಲ್ಲಿ ಮರಳುವಾಗ ಇಬ್ಬರ ಮಾತನ್ನೂ ತೂಗಿ ನೋಡಿದೆ. ಒಬ್ಬ ಸುಳ್ಳು ಹೇಳುತ್ತಿರಬೇಕೆಂದು ಎಲ್ಲರೂ ತಿಳಿದಿದ್ದರು. ಆದರೆ ಇಬ್ಬರೂ ಹೇಳಿದ್ದು ಅಕ್ಷರಶಃ ಒಂದೇ. 'ಹಾಕ್' ಎಂದೆ. 'ಹಾಕ್' ಎಂದ. ಸಾಕ್ಷಿಗಳು ಇಷ್ಟು ಚೆನ್ನಾಗಿ ಒಪ್ಪಿದ ಪ್ರಕರಣವನ್ನು ನಾನು ಮುಂದೆಯೂ ಕಾಣಲಿಲ್ಲ. ಹೀಗೆ ಒಪ್ಪಿಯೂ ಒಬ್ಬರನ್ನೊಬ್ಬರು ದೂರುತ್ತಿರುವುದು ಹೇಗೆಂಬುದು ನನಗೆ ಬಗೆಹರಿಯಲಿಲ್ಲ.

ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ನನ್ನ ಹೆಂಡತಿ ನೀಲಮ್ಮ ಒಲೆಯ ಮುಂದಿನಿಂದಲೇ ಹೇಳಿದಳು: "ಬಂದ್ರೇನು? ಬಾಗಲಾ ಹಾಕ್ರಿ, ಸೊಳ್ಳಿ ಬರಾಕತ್ತಾವ. ಹಂಗ ಲೈಟ್ ಹಾಕ್ರಿ."

ಬಾಗಿಲು ಮುಚ್ಚಿದೆ. ದೀಪ ಹೊತ್ತಿಸಿದೆ. ಕೈ ಸ್ವಿಚ್ಚಿನ ಮೇಲೆಯೇ ನಿಂತಿತು.

"ನೀಲಾ, ಇನ್ನೊಮ್ಮೆ ಹೇಳು."

"ಏನ್ ಹೇಳ್ಲಿ? ಹಾಕೀರಲ್ಲಾ."

"ಹೌದು. ಒಂದು ಬಂದ್ ಮಾಡಿದೆ, ಒಂದು ಚಾಲೂ ಮಾಡಿದೆ. ನೀ ಎರಡಕ್ಕೂ ಹಾಕ್ರಿ ಅಂದಿ."

"ಮತ್ತೇನನ್ನಬೇಕಿತ್ತು?" ಎಂದಳು. ಅದೇ ಮಾತನ್ನು ಶರಣಪ್ಪ ಆಸ್ಪತ್ರೆಯಲ್ಲಿ ಅಂದಿದ್ದ.

ಬಾಗಿಲಿಗೆ 'ಹಾಕು' ಎಂದರೆ ಮುಚ್ಚುವುದು. ದೀಪಕ್ಕೆ, ಫ್ಯಾನಿಗೆ, ಮೋಟರಿಗೆ 'ಹಾಕು' ಎಂದರೆ ಚಾಲೂ ಮಾಡುವುದು. 'ತೆಗೆ' ಎಂಬುದು ಇದರ ಕನ್ನಡಿ. ಬಾಗಿಲು ತೆಗೆದರೆ ತೆರೆಯುತ್ತದೆ, ದೀಪ ತೆಗೆದರೆ ಆರುತ್ತದೆ. ಹುಟ್ಟಿದಂದಿನಿಂದ ಆಡುತ್ತ ಬಂದ ಮಾತು. ಎದುರಿಗೆ ಏನಿದೆಯೋ ಅದನ್ನು ನೋಡಿ ನಮ್ಮ ಕೈ ತಾನೇ ಅರ್ಥ ಮಾಡಿಕೊಳ್ಳುತ್ತದೆ. ಆದರೆ ಜೇವರ್ಗಿಯ ಗೋಡೆಯ ಮೇಲೆ ಎರಡೂ ಪಕ್ಕಪಕ್ಕದಲ್ಲಿದ್ದವು.

ನನಗೆ ಹೊಳೆದದ್ದನ್ನೇ ನಾನು ನಂಬಲಿಲ್ಲ. ಮನೆಯಲ್ಲಿ ಹೊಳೆದ ವಿಚಾರ ಗಿರಣಿಯಲ್ಲಿ ನಿಲ್ಲಬೇಕು. ಫ್ಯೂಜನ್ನು ಕಿತ್ತು ನನ್ನ ಕಿಸೆಯಲ್ಲಿಟ್ಟುಕೊಂಡು ಕುಣಿಗೆ ಇಳಿದೆ. ಕೆಲಸಗಾರರನ್ನು ಒಬ್ಬೊಬ್ಬರನ್ನೇ, ಕಾರಣ ಹೇಳದೆ, ಗೋಡೆಯ ಹತ್ತಿರ ನಿಲ್ಲಿಸಿ ಕೆಳಗಿನಿಂದ "ಹಾಕ್!" ಎಂದು ಕೂಗಿದೆ. ಆಳಂದದಿಂದ ಬಂದವರ ಕೈ ಹಿಡಿಕೆಗೆ ಹೋಯಿತು. ಆ ಗಿರಣಿಯಲ್ಲಿ ಕುಣಿಯವನಿಗೆ ಕೇಳಿಸುವಷ್ಟು ಹತ್ತಿರ ಇದ್ದದ್ದು ಹಿಡಿಕೆಯೊಂದೇ. ಅಲ್ಲಿ 'ಹಾಕು' ಎಂದರೆ ಪತ್ರಾ ಹಾಕುವುದೇ. ಜೇವರ್ಗಿಯವರ ಕೈ ಹೆಚ್ಚಾಗಿ ಹಸಿರು ಬಟನ್ನಿಗೆ ಹೋಯಿತು. ತೀರ ಹೊಸಬರು ಕೆಲವರು ಮಾತ್ರ ಬಗ್ಗಿ ನೋಡಿ, "ಏನ್ ಹಾಕ್ಲಿರೀ?" ಎಂದು ಕೇಳಿದರು. ಕೆಲಸ ತಿಳಿದವರು ಯಾರೂ ಕೇಳಲಿಲ್ಲ. ಕೇಳದಿರುವುದಕ್ಕೇ ನಾವು ಅನುಭವ ಎಂದು ಹೆಸರಿಟ್ಟಿದ್ದೇವೆ.

ಹಿಟ್ಟಿನ ಗಿರಣಿಯಲ್ಲಿ ದಿನವಿಡೀ "ಹಾಕೋ ಮಹಬೂಬ" ಎಂದರೆ ಮೋಟರು ಚಾಲೂ ಮಾಡುತ್ತಿದ್ದವನು ಅವನು. ಆಳಂದದಲ್ಲಿ ವರ್ಷಗಟ್ಟಲೆ "ಹಾಕ್" ಎಂದರೆ ಪತ್ರಾ ಬೀಳುವುದನ್ನು ನೋಡಿದವನು ಶರಣಪ್ಪ. ಒಬ್ಬ ಸರಿಯಾಗಿ ಹೇಳಿದ. ಇನ್ನೊಬ್ಬ ಸರಿಯಾಗಿ ಕೇಳಿದ.

ಇದನ್ನು ಮ್ಯಾನೇಜರ್ ಸಾಹೇಬರ ಮುಂದಿಟ್ಟಾಗ ಅವರು ತಲೆ ಹಿಡಿದುಕೊಂಡರು.

"ವ್ಯಾಕರಣ ಬರದು ಕಳಸ್ತೀರೇನ್ರಿ? ಈಗ ಮಂದಿ ಮಾತಾಡೋದನ್ನ ಬದಲ್ ಮಾಡ್ತೀರೇನು?"

"ಮಾತು ಆಮ್ಯಾಲ ನೋಡೂಣ್ರಿ. ಮೊದಲ ಗೋಡಿ ಬದಲ್ ಮಾಡೂಣು."

ಇಲ್ಲಿ ಒಂದು ಎಚ್ಚರಿಕೆ. 'ಒಂದು ಶಬ್ದದಿಂದ ಕೈ ಹೋಯಿತು' ಎಂದು ನೀವು ಈ ಪ್ರಸಂಗವನ್ನು ಇನ್ನೊಬ್ಬರಿಗೆ ಹೇಳತೊಡಗಿದರೆ ಅದೂ ಸುಳ್ಳೇ. ಕಿವುಡನ ಕಥೆಗಿಂತ ಅದು ಸುಂದರವಾಗಿರುವುದರಿಂದ ಇನ್ನೂ ಬೇಗ ಹರಡುತ್ತದೆ. ಆ ಶಬ್ದ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಇದೆ, ಯಾರ ಕೈಯನ್ನೂ ತೆಗೆದುಕೊಂಡಿಲ್ಲ. ಹಿಡಿಕೆಯ ಪಕ್ಕ ಬಟನ್ ಇಟ್ಟವರು, ಒಳಗೆ ಮನುಷ್ಯನಿದ್ದಾಗಲೂ ಫ್ಯೂಜು ಜಾಗದಲ್ಲಿಯೇ ಇರಲಿ ಎಂದವರು, ಧೂಳೆಳೆಯುವ ಫ್ಯಾನನ್ನು ಜೇವರ್ಗಿಗೆ ಇನ್ನೂ ಕೊಡದವರು, ಇವರೆಲ್ಲರೂ ಶಬ್ದದ ಹಿಂದೆ ಅಡಗಿಕೊಳ್ಳಬಹುದು. ನಾನು ವರದಿಯಲ್ಲಿ ತಪ್ಪು ಯಾರದೆಂಬಲ್ಲಿ 'ಗೋಡೆಯದು' ಎಂದು ಬರೆದು, ಕೆಳಗೆ ಇದೆಲ್ಲವನ್ನೂ ವಿವರಿಸಿದೆ.

ತಪಾಸಣೆಗೆ ಬಂದ ಅಧಿಕಾರಿ ಮಿತಭಾಷಿ. ಓದಿದರು. ಗೋಡೆಯ ಹತ್ತಿರ ಹೋಗಿ ಒಂದು ಕೈ ಹಿಡಿಕೆಯ ಮೇಲೆ, ಒಂದು ಕೈ ಬಟನ್ನಿನ ಮೇಲೆ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಟನ್ನಿನ ಕಡೆ ಕೈ ಮಾಡಿ, "ಇದನ್ನ ಆ ಕಡಿ ಗೋಡಿಗೆ ಹಾಕ್ರಿ" ಎಂದರು. ಸುತ್ತ ನಿಂತ ಕೆಲಸಗಾರರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರಿಗೆ ಮೂರನೆಯ ಅರ್ಥವೂ ಸಿಕ್ಕಿತ್ತು.

ಆದರೆ ಅಧಿಕಾರಿಯ ಮಾತಿನಿಂದ ಮಹಬೂಬ ಬಿಡುಗಡೆಯಾಗುವಂತಿರಲಿಲ್ಲ. ಅದು ಶರಣಪ್ಪನ ಬಾಯಲ್ಲಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ನೇರ ಠಾಣೆಗೆ ಹೋಗುವವನಿದ್ದ. ನಾನು ಬಸ್ ನಿಲ್ದಾಣದಲ್ಲಿ ಕಾದು, ಮೊದಲು ಗಿರಣಿಗೆ ಬಾ ಎಂದೆ.

"ನನ್ ಮನಸ್ ತಿರಗ್ಸಾಕ ಕರ್‍ಯಾಕತ್ತೀರಿ ಹೌದಿಲ್ಲೋ?"

"ನಾ ಒಂದ್ ಮಾತೂ ಹೇಳಂಗಿಲ್ಲ. ಒಂದ್ ಕೆಲಸ ಮಾಡಿಕೊಡು, ಆಮ್ಯಾಲ ನಿನ್ ಮನಸಿಗೆ ಬಂದಂಗ ಹೇಳು."

ಬಟನ್ನು ಇನ್ನೂ ಹಳೆಯ ಜಾಗದಲ್ಲಿಯೇ ಇತ್ತು. ಶರಣಪ್ಪನನ್ನು ಆ ಗೋಡೆಯ ಮುಂದೆ ನಿಲ್ಲಿಸಿದೆ. ಕೊಳವೆಯಲ್ಲಿ ಸ್ವಲ್ಪವೇ ತೊಗರಿ ಬಿಟ್ಟಿದ್ದೆ, ಫ್ಯೂಜು ನನ್ನ ಕಿಸೆಯಲ್ಲಿತ್ತು. "ಮೋಟರ್ ನಡದದ ಅಂತ ತಿಳ್ಕೋ. ನಾ ಕೆಳಗ ಇರ್ತೇನಿ. ಹೇಳ್ದಂಗ ಮಾಡು" ಎಂದು ಕುಣಿಗೆ ಇಳಿದು ಬಗ್ಗಿದೆ. ಒಂದು ಕ್ಷಣ ಬಿಟ್ಟು, ಕೈ ಸಿಕ್ಕವನ ಹಾಗೆ ಕೂಗಿದೆ: "ತಗೀ! ತಗೀ ಲೇ!"

ನಾನು ಕೇಳಿದ್ದು ಮೋಟರು ತೆಗೆ ಎಂದು, ಕೆಂಪು ಬಟನ್ ಒತ್ತು ಎಂದು.

ಬೆನ್ನ ಮೇಲೆ ತೊಗರಿ ಸುರಿಯಿತು.

ತಲೆಯೆತ್ತಿ ನೋಡಿದೆ. ಶರಣಪ್ಪನ ಎಡಗೈ ಹಿಡಿಕೆಯ ಮೇಲಿತ್ತು. ಅವನು ಪತ್ರಾ ತೆಗೆದಿದ್ದ. ನನ್ನ ಬೆನ್ನಿನಿಂದ ಕಾಳುಗಳು ಉದುರುವ ಸದ್ದು ನಿಂತ ಮೇಲೂ ಅವನು ಹಿಡಿಕೆ ಬಿಟ್ಟಿರಲಿಲ್ಲ. ಕಣ್ಣು ಮಾತ್ರ ಕೆಂಪು ಬಟನ್ನಿನ ಕಡೆಗೆ ಹೋಯಿತು. ಅಲ್ಲಿಂದ ಹಸಿರಿಗೆ. ಅಲ್ಲಿಂದ ಮತ್ತೆ ಹಿಡಿಕೆಗೆ.

"ಮಾಸ್ತರ, ನೀವು ಮೋಟರ್ ತಗೀ ಅಂದ್ರೇನ್ರಿ?"

ಮಾತು ಕೊಟ್ಟಿದ್ದೆನಾದ್ದರಿಂದ ಅಂಗಿ ಕೊಡವಿಕೊಂಡು ಕುಣಿಯಿಂದ ಮೇಲೆ ಬಂದೆ.

"ನಿಮ್ ಮ್ಯಾಲ ನನಗೇನು ಸಿಟ್ಟಿಲ್ರಿ" ಎಂದ. ಅಂದದ್ದು ತನಗೇ ಕೇಳಿಸಿದಂತೆ, ಚೀಲಗಳ ಮೇಲೆ ಕುಳಿತ. ತೋಳಿನ ಬ್ಯಾಂಡೇಜನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡಿದ. ಆಮೇಲೆ ಮುಖ ಎತ್ತದೆಯೇ, "ನವಾಬನ್ನ ಕರಸ್ರಿ" ಎಂದ.

ಠಾಣೆಗೆ ಇಬ್ಬರೂ ಕೂಡಿಯೇ ಹೋದರು. ಏನು ಹೇಳಿದರೆಂದು ನಾನು ಕೇಳಲಿಲ್ಲ. ಮಹಬೂಬ ಮರುದಿನ ಕೆಲಸಕ್ಕೆ ಬಂದ.

ಆಮೇಲಿನದು ವಿಧಾನಗಳ ಮಾತು. ಬಟನ್ನುಗಳು ಎದುರು ಗೋಡೆಗೆ ಹೋದವು. ಮೂರೂ ಗಿರಣಿಗಳಲ್ಲಿ 'ಹಾಕು', 'ತೆಗೆ' ಎಂಬ ಎರಡು ಮಾತುಗಳನ್ನು ಯಂತ್ರದ ಹತ್ತಿರ ಆಡಬಾರದೆಂದು ಗೊತ್ತುಮಾಡಿದೆವು. ಮೊದಲು ವಸ್ತುವಿನ ಹೆಸರು, ಆಮೇಲೆ ಕೆಲಸ: ಮೋಟರ್ ಚಾಲೂ, ಮೋಟರ್ ಬಂದ್, ಪತ್ರಾ ಬಂದ್. ಆಳಂದದ ಹಳಬರು ತಿಂಗಳುಗಟ್ಟಲೆ ನನ್ನನ್ನು ಅಣಕಿಸಿದರು. "ಮಾಸ್ತರ, ಚಹಾ ಚಾಲೂ ಮಾಡ್ರಿ" ಎನ್ನುತ್ತಿದ್ದರು. ಕುಣಿಗೆ ಇಳಿಯುವವನ ಕಿಸೆಯಲ್ಲಿ ಫ್ಯೂಜು ಎಂಬ ನಿಯಮಕ್ಕೆ ಸಾವಕಾರರು ಈ ಸಲ ನಗಲಿಲ್ಲ. ಜೇವರ್ಗಿಗೂ ಫ್ಯಾನು ಬಂತು. ನಾನು ಕೆಲಸ ಬಿಡುವ ಹೊತ್ತಿಗೆ, ಎರಡು ಸಾವಿರದ ಹತ್ತರ ಸುಮಾರಿಗೆ, ಕೀಲಿ ಹಾಕುವ ಸ್ವಿಚ್ಚುಗಳು ಬಂದು ಫ್ಯೂಜಿನ ಕಾಲ ಮುಗಿದಿತ್ತು. ಉಪಾಯ ಅದೇ, ಹೊಳಪು ಬೇರೆ.

ನನಗೆ ಈಗಲೂ ಕಣ್ಣ ಮುಂದಿರುವುದು ಆ ನಿಯಮದ ಮೊದಲ ದಿನಗಳು. ಬಲಗೈಯಿಲ್ಲದ ಶರಣಪ್ಪನಿಗೆ ಹೊಸ ಗೋಡೆಯ ಹತ್ತಿರ ಬಟನ್ನಿನ ಕೆಲಸ ಕೊಟ್ಟಿದ್ದರು. ಕುಣಿಯ ಕೆಲಸವನ್ನು ಮಹಬೂಬ ತಾನೇ ಕೇಳಿ ಪಡೆದಿದ್ದ. ಒಂದು ಬೆಳಿಗ್ಗೆ ಪಟ್ಟಾದಲ್ಲಿ ಕಸ ಸಿಕ್ಕಿತು. ಮಹಬೂಬ ಫ್ಯೂಜು ಕಿತ್ತ. ಕಿಸೆಗೆ ಹಾಕಿಕೊಳ್ಳಲಿಲ್ಲ. ಗೋಡೆಯ ಹತ್ತಿರ ನಡೆದು ಹೋಗಿ, ಅದನ್ನು ಶರಣಪ್ಪನ ಎಡಗೈಯಲ್ಲಿಟ್ಟ.

"ನಿನ್ ಹಂತ್ಯಾಕ ಇರ್ಲಿ" ಎಂದ. "ನನಗ ನಿನ್ ಮ್ಯಾಲ ಭರೋಸಾ ಅದ."

ಶರಣಪ್ಪ ಅದನ್ನು ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಫ್ಯೂಜನ್ನು ಮಹಬೂಬನ ಅಂಗಿಯ ಕಿಸೆಗೆ ತುರುಕಿ, ಮೇಲಿನಿಂದ ಒಂದು ಏಟು ಕೊಟ್ಟ.

"ನನ್ ಮ್ಯಾಲ ಭರೋಸಾ ಇಡಬ್ಯಾಡಲೇ ನವಾಬ. ಇದರ ಮ್ಯಾಲ ಇಡು. ಇಳಿ ಇನ್ನ."